ಒಂಬತ್ತು ದಿನಕ್ಕೆ ಬಂದವನು

ಹೂಂಗುಟ್ಟೋರು ಹೂಂಗುಟ್ಟಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಹೇಳೋದಕ್ಕೆ ನಾನಿದೀನಿ.

ಒಂದಾನೊಂದು ಕಾಲದಲ್ಲಿ ಹೊಂಗೆಕೊಪ್ಪಲು ಅಂತ ಒಂದು ಊರಿತ್ತಂತೆ. ಊರು ಇಷ್ಟೇ ಇಷ್ಟು, ಹೆಸರು ಮಾತ್ರ ಏಳು ನಾಡಿಗೂ ಗೊತ್ತು. ಯಾಕೆ ಅಂದ್ರೆ ಆ ಊರಲ್ಲಿ ಮುದ್ದಜ್ಜಿ ಅಂತ ಒಬ್ಬಳು ಮುದುಕಿ ಇದ್ದಳು. ಮುರಿದ ಮೂಳೆ ಕೂಡಿಸೋದರಲ್ಲಿ ಅವಳ ಕೈಗೆ ಸಮನಾದ ಕೈ ಇರಲಿಲ್ಲ. ಮರದಿಂದ ಬಿದ್ದೋರು, ಗಾಡಿಯಿಂದ ಬಿದ್ದೋರು, ಹೆಂಡತಿ ಹತ್ರ ಒದೆ ತಿಂದು ಮೆಟ್ಟಿಲಿಂದ ಬಿದ್ದೆ ಅಂತ ಹೇಳ್ಕೊಳ್ಳೋರು, ಎಲ್ಲರೂ ಅವಳ ಹತ್ರಾನೇ ಬರಬೇಕು. ಮುದ್ದಜ್ಜಿ ಮುಟ್ಟಿ ನೋಡಿ, ಎಳೆದು ಕೂರಿಸಿ, ಸೊಪ್ಪು ಅರೆದು ಹಚ್ಚಿ, ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟೋಳು. ಮೂರು ದಿನಕ್ಕೊಂದು ಕಟ್ಟು, ಮೂರು ಕಟ್ಟಿಗೆ ಒಂಬತ್ತು ದಿನ. ಹತ್ತನೇ ದಿನ ಬಂದೋನು ಎದ್ದು ನಡಕೊಂಡು ಊರಿಗೆ ಹೋಗೋನು.

ಹಾಗಾದ್ರೆ ಒಂಬತ್ತು ದಿನ ಇರೋದೆಲ್ಲಿ? ಆ ಊರಲ್ಲಿ ಛತ್ರ ಇರಲಿಲ್ಲ, ಗುಡಿ ಜಗಲಿ ಮೇಲೆ ಇಬ್ಬರಿಗಿಂತ ಹೆಚ್ಚು ಮಲಗೋ ಹಾಗಿರಲಿಲ್ಲ.

ಅದೇ ಊರಲ್ಲಿ ಚೌಡಯ್ಯ ಅಂತ ಒಬ್ಬ ನೇಕಾರ, ಬನದಮ್ಮ ಅಂತ ಅವನ ಹೆಂಡತಿ. ಮನೆ ದೊಡ್ಡ ತೊಟ್ಟಿಮನೆ, ಚೌಡಯ್ಯನ ತಾತ ಕಟ್ಟಿಸಿದ್ದು. ನಡುವೆ ತೊಟ್ಟಿ, ಸುತ್ತ ಚಪ್ಪಡಿ ಕಲ್ಲು ಹಾಸಿದ ಪಡಸಾಲೆ, ಬಾಗಿಲವಾಡದ ಮೇಲೆ ಕೆತ್ತಿದ ಗಿಳಿಗಳು. ಅಷ್ಟು ದೊಡ್ಡ ಮನೇಲಿ ಇರೋದು ಇಬ್ಬರೇ. ಚೌಡಯ್ಯ ಮಗ್ಗದಲ್ಲಿ ಕೂತ ಅಂದ್ರೆ ಬೆಳಗಿಂದ ಸಂಜೆವರೆಗೆ ಲಾಳಿ ಆಡೋ ಸದ್ದೇ ಹೊರತು ಅವನ ಬಾಯಿಂದ ಒಂದು ಮಾತು ಬರೋದಿಲ್ಲ. ಬನದಮ್ಮನಿಗೋ, ಮಾತಾಡದೆ ಇದ್ರೆ ಉಂಡಿದ್ದು ಅರಗೋದಿಲ್ಲ.

ಒಂದು ದಿನ ಬನದಮ್ಮ ಹೇಳಿದಳಂತೆ: "ಇವ್ರೇ, ಕೈಕಾಲು ಮುರುಕೊಂಡು ಬಂದೋರು ಮರದ ಕೆಳಗೆ ಮಲಗ್ತಾರೆ. ನಮ್ಮ ಪಡಸಾಲೆ ಖಾಲಿ ಬಿದ್ದಿದೆ. ಒಂಬತ್ತು ದಿನ ಇರೋಕೆ ಜಾಗ ಕೊಡೋಣ. ಅವರು ಅಕ್ಕಿನೋ ಬೆಲ್ಲನೋ ಕೈಲಾದದ್ದು ಕೊಡಲಿ. ನನಗೂ ಮಾತಿಗೆ ಜನ ಆಗುತ್ತೆ."

ಚೌಡಯ್ಯ ಲಾಳಿ ಆಡಿಸ್ತಾನೇ "ಹೂಂ" ಅಂದನಂತೆ. ಅವನು "ಹೂಂ" ಅಂದದ್ದು ಹೆಂಡತಿಗೋ ಮಗ್ಗಕ್ಕೋ ಯಾರಿಗೂ ಗೊತ್ತಿಲ್ಲ. ಬನದಮ್ಮ ಆಗಲೇ ಪಡಸಾಲೆ ಗುಡಿಸೋಕೆ ಹೊರಟಿದ್ದಳು.

ಮೊದಲು ಬಂದೋನು ಒಬ್ಬ ಪೈಲ್ವಾನ. ಎಡಗೈ ಮುರಿದಿತ್ತು. ಬಲಗೈ ಚೆನ್ನಾಗಿತ್ತಲ್ಲ, ಅದೇ ಬಂದ ಕಷ್ಟ. ಮೂರು ದಿನ ಸುಮ್ಮನೆ ಕೂತ. ನಾಲ್ಕನೇ ದಿನ ಮೈ ಜುಂ ಅಂತು. ಪಕ್ಕದ ಮನೆ ಗಾಣಿಗ ಲಕ್ಕಯ್ಯನ ಹಿತ್ತಲಲ್ಲಿ ಒಂದು ದುಂಡು ಕಲ್ಲು ಬಿದ್ದಿತ್ತು. ಗಾಣದ ಮರಕ್ಕೆ ಭಾರ ಹೇರೋ ಕಲ್ಲು. ಪೈಲ್ವಾನ ಅದನ್ನ ಒಂದೇ ಕೈಯಲ್ಲಿ ಎತ್ತಿದ, ತಲೆ ಮೇಲಕ್ಕೂ ಒಯ್ದ. ಇಳಿಸೋದಕ್ಕೆ ಎರಡು ಕೈ ಬೇಕು ಅನ್ನೋದು ಆಮೇಲೆ ಹೊಳೀತು. ಕಲ್ಲು ಹೋಗಿ ಲಕ್ಕಯ್ಯನ ಬಾವಿಗೆ ಬಿತ್ತು, ದುಡುಮ್ ಅಂತ.

ಲಕ್ಕಯ್ಯ ಓಡಿ ಬಂದ. "ಬನದಕ್ಕ, ನಿಮ್ಮ ನೆಂಟ ನನ್ನ ಗಾಣ ನಿಲ್ಲಿಸಿಬಿಟ್ಟ!"

"ಒಂಬತ್ತು ದಿನದ ಮಾತು ಲಕ್ಕಯ್ಯ, ಸ್ವಲ್ಪ ಸೈರಿಸ್ಕೊ," ಅಂದಳು ಬನದಮ್ಮ.

ಎರಡನೇ ಸಲ ಬಂದೋನು ಕರಡಿ ಆಡಿಸೋನು. ಅವನ ಪಾದ ಮುರಿದಿತ್ತು. ಕರಡಿಗೆ ನಾಲ್ಕೂ ಕಾಲು ನೆಟ್ಟಗಿದ್ದವು. ಒಡೆಯ ಮಲಗಿದ ಅಂತ ಕರಡಿ ಮಲಗುತ್ತಾ? ಈಚೆ ಮನೆ ಹೂವಿನ ಸಾಕಮ್ಮನ ಅಡುಗೆಮನೆಗೆ ಹೋಗಿ, ಬೆಲ್ಲದ ಗಡಿಗೆಯೊಳಗೆ ಮೂತಿ ಇಟ್ಟು, ಮೂತಿ ಹೊರಗೆ ಬರದೆ, ಗಡಿಗೆ ಸಮೇತ ಬೀದಿ ತುಂಬ ಕುಣೀತಂತೆ. ಊರ ಮಕ್ಕಳಿಗೆಲ್ಲ ಹಬ್ಬ. ಸಾಕಮ್ಮನಿಗೆ ಮಾತ್ರ ಗಡಿಗೆ ಹೋಯ್ತು, ಬೆಲ್ಲ ಹೋಯ್ತು, ಬೆದರಿದ ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ.

"ಬನದಕ್ಕ, ಇದೇನು ಮನೇನೋ ಸಂತೆನೋ?" ಅಂತ ಸಾಕಮ್ಮ ಕೇಳಿದಳು.

"ಒಂಬತ್ತು ದಿನದ ಮಾತು ಸಾಕಮ್ಮ, ಸ್ವಲ್ಪ ಸೈರಿಸ್ಕೊ," ಅಂದಳು ಬನದಮ್ಮ.

ಆದರೆ ಆ ಒಂಬತ್ತು ದಿನ ಮುಗಿದರೆ ಇನ್ನೊಬ್ಬರ ಒಂಬತ್ತು ದಿನ. ಸೈರಿಸಿ ಸೈರಿಸಿ ಲಕ್ಕಯ್ಯ ಮಾತು ಬಿಟ್ಟ. ಸಾಕಮ್ಮ ಬನದಮ್ಮನಿಗೆ ಹೂವು ಕೊಡೋದು ಬಿಟ್ಟಳು. ಬಾವಿಕಟ್ಟೆ ಹತ್ರ ಬನದಮ್ಮ ಬಂದ್ರೆ ಉಳಿದ ಹೆಂಗಸರು ಕೊಡ ತುಂಬಿತು ಅಂತ ಹೊರಟುಬಿಡೋರು, ತುಂಬದೆ ಇದ್ರೂ. ಬನದಮ್ಮನಿಗೆ ಒಳಗೊಳಗೇ ಚುರುಕ್ ಅನ್ನೋದು. ಆದ್ರೂ ಮನೆ ತುಂಬ ಮಾತು ಕೇಳ್ತಿತ್ತಲ್ಲ, ಆ ಸಂತೋಷದಲ್ಲಿ ಮರೆತಳು.

ಹಿಂಗಿರಬೇಕಾದ್ರೆ, ಸುಗ್ಗಿ ಮುಗಿದು ಬಿಸಿಲು ಏರೋ ಹೊತ್ತಿಗೆ, ಮೂರನೆಯವನು ಬಂದ. ಅವನು ನಡೆದು ಬರಲಿಲ್ಲ, ಮೇನೆಯಲ್ಲಿ ಬಂದ. ಹೊತ್ತೋರು ಇಬ್ಬರು ದಾಂಡಿಗರು. ತಲೆಗೆ ಜರಿಪೇಟ, ಬೆರಳಿಗೆ ಉಂಗುರ, ಬಲಗಾಲಿಗೆ ಬೆರಳಿಂದ ಮೊಣಕಾಲಿನವರೆಗೆ ರೇಷ್ಮೆ ಬಟ್ಟೆ ಸುತ್ತಿತ್ತು.

"ತಾಯೀ, ನನ್ನ ಹೆಸರು ಗುಣಸಾಗರ," ಅಂದ. "ಕುದುರೆಯಿಂದ ಬಿದ್ದು ಕಾಲು ಮುರೀತು. ಒಂಬತ್ತೇ ಒಂಬತ್ತು ದಿನ ನಿಮ್ಮ ನೆರಳಲ್ಲಿ ಇರ್ತೀನಿ."

ಮಾತು ಅಂದ್ರೆ ಮಾತು! ಜೇನು ಕೂಡ ಅಷ್ಟು ಸಲೀಸಾಗಿ ಹರಿಯೋದಿಲ್ಲ. ಬನದಮ್ಮ ದಕ್ಷಿಣದ ಪಡಸಾಲೇಲಿ ಮಂಚ ಹಾಕಿ, ಹೊಸ ಚಾಪೆ ಹಾಸಿ ಕೂರಿಸಿದಳು. ಮೇನೆ ಹೊತ್ತೋರು ಹೊರಟುಹೋದರು.

ಗುಣಸಾಗರ ಮಲಗಿದಲ್ಲಿಂದಲೇ ಮನೇನ ಹೊಗಳೋಕೆ ಶುರು ಮಾಡಿದ. "ಎಂಥಾ ಕಂಬ ತಾಯಿ! ಯಾವ ಕಾಡಿನ ಮರ?" ಬನದಮ್ಮ ಹೇಳಿದಳು. "ಎಂಥಾ ಗಿಳಿ ತಾಯಿ! ಕೆತ್ತಿದ ಬಡಗಿ ಯಾವೂರೋನು?" ಬನದಮ್ಮ ಹೇಳಿದಳು. "ಎಂಥಾ ಮನೆ ತಾಯಿ! ಪಾಯ ಹಾಕಿದ್ದು ಯಾವಾಗ, ಗೃಹಪ್ರವೇಶಕ್ಕೆ ಏನು ಅಡುಗೆ ಮಾಡಿದ್ರು?" ಅದನ್ನೂ ಹೇಳಿದಳು. ಇಷ್ಟು ದಿನ ಬಂದೋರೆಲ್ಲ ತಮ್ಮ ನೋವು ಹೇಳ್ಕೊಂಡು ಅಳೋರು. ಮನೆ ಬಗ್ಗೆ ಕೇಳಿದೋನು ಇವನೊಬ್ಬನೇ. ಅವಳು ಅತ್ತೆ ಹೇಳಿದ್ದು, ಅತ್ತೆಯ ಅತ್ತೆ ಹೇಳಿದ್ದು ಎಲ್ಲಾನೂ ಅವನ ಮುಂದೆ ಸುರಿದಳು.

ಒಂಬತ್ತು ದಿನ ಆಯ್ತು. "ತಾಯೀ, ಇನ್ನೂ ನೋವು," ಅಂದ. ಹದಿನೆಂಟು ದಿನ ಆಯ್ತು. "ತಾಯೀ, ಇನ್ನೂ ಸೆಳೆತ," ಅಂದ. ಇಪ್ಪತ್ತೇಳು ದಿನ ಆಯ್ತು. ಆಗ ಒಂದು ಮಧ್ಯಾಹ್ನ ಬನದಮ್ಮ ಸೊಪ್ಪು ಕೊಯ್ಯೋಕೆ ಅಂತ ಹೋದಾಗ ಮುದ್ದಜ್ಜಿ ಸಿಕ್ಕಿದಳು.

"ಅಜ್ಜಿ, ನಮ್ಮ ಸಾಹುಕಾರರ ಕಾಲು ಇನ್ನೂ ಯಾಕೆ ಕೂಡಿಲ್ಲ?" ಅಂತ ಬನದಮ್ಮ ಕೇಳಿದಳು.

ಮುದ್ದಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಯಾವ ಸಾಹುಕಾರ? ಯಾವ ಕಾಲು? ನಿಮ್ಮ ಮನೆಯಿಂದ ನನ್ನ ಹತ್ರ ಕರಡಿಯವನು ಆದ್ಮೇಲೆ ಒಬ್ಬರೂ ಬಂದಿಲ್ಲ ಕಣವ್ವ."

ಬನದಮ್ಮನ ಕೈಲಿದ್ದ ಸೊಪ್ಪು ಕೆಳಗೆ ಬಿತ್ತು. ತಾನು ಹೊಳೆಗೆ ಹೋದಾಗ, ತಾನು ಸಂತೆಗೆ ಹೋದಾಗ ಅಜ್ಜಿ ಬಂದು ಕಟ್ಟು ಕಟ್ಟಿಹೋದಳು ಅಂತ ಅವನು ಹೇಳಿದ್ದೆಲ್ಲ ಹಾಗಾದ್ರೆ ಸುಳ್ಳು! ದಡದಡ ಮನೆಗೆ ಬಂದಳು. ಮುಂಬಾಗಿಲಿಂದ ಬರಲಿಲ್ಲ, ಹಿತ್ತಲ ಕಡೆಯಿಂದ ಬಂದು ಕಿಟಕಿಯಲ್ಲಿ ಇಣುಕಿದಳು. ಏನು ನೋಡ್ತಾಳೆ? ಗುಣಸಾಗರ ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತು, ಪಡಸಾಲೆ ಸುತ್ತ ನಡೀತಾ ಇದಾನೆ. ಒಂದೊಂದೇ ಕಂಬ ಮುಟ್ಟಿ "ಹದಿಮೂರು... ಹದಿನಾಲ್ಕು..." ಅಂತಾನೆ. ಗೋಡೆಯ ಗೂಡು ಎಣಿಸ್ತಾನೆ. ಬಗ್ಗಿ ನೆಲದ ಕಲ್ಲು ನೋಡ್ತಾನೆ.

ಬನದಮ್ಮ ಮಗ್ಗದ ಕೋಣೆಗೆ ಹೋಗಿ ಗಂಡನ ಕಿವಿಯಲ್ಲಿ ಎಲ್ಲಾ ಹೇಳಿದಳು. ಅವತ್ತು ಚೌಡಯ್ಯನ ಲಾಳಿ ನಿಂತಿತು.

"ಈಗಲೇ ಹೊರಗೆ ಹಾಕಿ," ಅಂದಳು.

"ಉಣ್ಣೋಕೆ ಎಲೆ ಹಾಕಿದೀಯ. ಊಟ ಮಾಡಲಿ," ಅಂದ ಚೌಡಯ್ಯ. "ನಾಳೆ ಹೊಳೆಯಿಂದ ನೂಲು ತೊಳಕೊಂಡು ಬಂದು ಮರ್ಯಾದೆಯಾಗಿ ಹೇಳಿ ಕಳಿಸೋಣ."

ಒಳ್ಳೆಯ ಮನುಷ್ಯ ಚೌಡಯ್ಯ. ಒಳ್ಳೇತನ ಒಂದು ಹಗಲು ತಡವಾಯ್ತು, ಅಷ್ಟೇ.

ಮಾರನೇ ದಿನ ಗಂಡ ಹೆಂಡತಿ ನೂಲು ತೊಳೆದು ಮನೆಗೆ ಬಂದ್ರೆ ಬಾಗಿಲು ಹಾಕಿದೆ. ಮೇನೆ ಹೊತ್ತಿದ್ದ ಇಬ್ಬರು ದಾಂಡಿಗರು ಜಗಲಿ ಮೇಲೆ ಕೂತಿದಾರೆ. ಚೌಡಯ್ಯನ ಮಗ್ಗ ಬೀದೀಲಿ ಬಿದ್ದಿದೆ.

"ಯಾರು ನೀವು? ಏನು ಬೇಕು?" ಅಂತ ಒಬ್ಬ ಕೇಳಿದ.

ಚೌಡಯ್ಯನಿಗೆ ಮೊದಲು ನಗು ಬಂತು. "ಇದು ನಮ್ಮ ಮನೆ ಕಣಪ್ಪ," ಅಂದ.

ಬಾಗಿಲು ತೆರೀತು. ಗುಣಸಾಗರ ಹೊಸ್ತಿಲ ಒಳಗೆ ನಿಂತಿದ್ದ. ಜರಿಪೇಟ ಅದೇ, ಮಾತಿನ ಜೇನು ಮಾತ್ರ ಬತ್ತಿತ್ತು. "ಇದು ನನ್ನ ತಾತ ಕಟ್ಟಿಸಿದ ಮನೆ. ನಾನು ಇಲ್ಲೇ ಹುಟ್ಟಿದೆ, ಇಲ್ಲೇ ಹದಿನೆಂಟು ವರ್ಷ ಬೆಳೆದೆ. ವ್ಯಾಪಾರಕ್ಕೆ ಅಂತ ದೂರ ದೇಶಕ್ಕೆ ಹೋಗುವಾಗ ನಿಮ್ಮಪ್ಪನ್ನ ಕಾವಲಿಗೆ ಇಟ್ಟಿದ್ದೆ. ಈಗ ಬಂದಿದೀನಿ. ಇನ್ನು ನೀವು ಹೊರಡಬಹುದು."

ಚೌಡಯ್ಯ ಕೈಯಲ್ಲಿದ್ದ ಒದ್ದೆ ನೂಲು ಹಿಡಕೊಂಡು ಹಾಗೇ ನಿಂತ. ನೂಲಿಂದ ನೀರು ತೊಟ್ಟಿಕ್ಕಿ ಅವನ ಪಾದದ ಹತ್ರ ಮಡು ನಿಂತಿತು. ಬಾಗಿಲು ಮುಚ್ಚಿದ ಮೇಲೆ ಅದರ ಮೇಲೆ ಒಂದು ಸಲ ಕೈ ಇಟ್ಟ, ತೆಗೆದ. ಬನದಮ್ಮನಿಗೆ ಅಳು ಬಂತು. ಈ ಮನೆಗೆ ಬೇರೆಯವರನ್ನ ಕರೆದೋಳು ತಾನೇ ಅಲ್ಲವಾ!

"ನನ್ನ ಬಯ್ಯಿರಿ," ಅಂದಳಂತೆ.

"ಬಯ್ದರೆ ಬಾಗಿಲು ತೆರೆಯುತ್ತಾ?" ಅಂದ ಚೌಡಯ್ಯ. "ನಡಿ, ದೊರೆ ಹತ್ರ ಹೋಗೋಣ."

ಮಗ್ಗ ತಗೊಂಡು ಹೋಗಿ ಮುದ್ದಜ್ಜಿಯ ಹಟ್ಟಿಯಲ್ಲಿ ಇಟ್ಟರು. ಒಂದು ಹಗಲು ನಡೆದು ದೊರೆಯ ಕೋಟೆಗೆ ಹೋದರು. ದೊರೆ ಚಿಕ್ಕ ವಯಸ್ಸಿನೋನು, ನ್ಯಾಯ ಹೇಳೋದು ಅಂದ್ರೆ ಬಲು ಆಸೆ. ಎಲ್ಲಾ ಕೇಳಿ, "ಮನೆಯ ನ್ಯಾಯ ಮನೆಯಲ್ಲೇ ಆಗಬೇಕು, ನಾನೇ ಬರ್ತೀನಿ," ಅಂದನಂತೆ.

ದೊರೆ ಬಂದ ಅಂದ ಮೇಲೆ ಊರಿಗೆ ಊರೇ ಸೇರಿತು. ತೊಟ್ಟಿಯ ಉತ್ತರಕ್ಕೆ ದೊರೆ ಕೂತ. ದಕ್ಷಿಣದ ಪಡಸಾಲೇಲಿ ತನ್ನ ಮಂಚದ ಮೇಲೆ ಗುಣಸಾಗರ ಕೂತ. ಗಂಡ ಹೆಂಡತಿ ನಡುವೆ ನಿಂತರು, ತಮ್ಮ ಮನೇಲೇ ಕೂರೋಕೆ ಅಪ್ಪಣೆ ಇಲ್ಲದೋರ ಹಾಗೆ.

ದೊರೆ ಮೊದಲು ನೆರೆಯವರನ್ನ ಕೇಳಿದ. "ಈ ಮನೆ ಯಾರದು?"

ಗಾಣಿಗ ಲಕ್ಕಯ್ಯ ತಲೆ ಕೆರೆದುಕೊಂಡ. "ಬುದ್ಧೀ, ಇವರು ಇಲ್ಲಿ ಇರೋದು ನೋಡಿದೀನಿ. ಕಟ್ಟಿಸಿದೋರು ಯಾರು ಅಂದ್ರೆ, ಅದು ನಾನು ಹುಟ್ಟೋಕೂ ಮುಂಚಿನ ಮಾತು. ಮತ್ತೆ ಈ ಮನೇಲಿ ಇವತ್ತು ಒಬ್ಬರು ಇರ್ತಾರೆ, ನಾಳೆ ಒಬ್ಬರು ಇರ್ತಾರೆ. ಯಾರದು ಅಂತ ಹೇಳಲಿ?"

ಹೂವಿನ ಸಾಕಮ್ಮನೂ ನೆಲ ನೋಡ್ತಾ, "ನನಗೂ ಅಷ್ಟೇ ಗೊತ್ತು ಬುದ್ಧಿ," ಅಂದಳು.

ಸುಳ್ಳು ಹೇಳಲಿಲ್ಲ ಅವರು. ಆದರೆ ಕೈಯನ್ನೂ ಹಿಡೀಲಿಲ್ಲ. ಬನದಮ್ಮನಿಗೆ ಬಾಗಿಲು ಹಾಕಿದ್ದಕ್ಕಿಂತ ಇದು ಜಾಸ್ತಿ ನೋವಾಯ್ತಂತೆ.

ದೊರೆ ಅಂದ: "ಸರಿ. ತನ್ನ ಮನೆ ಯಾವುದು ಅಂತ ಮನೆಯವನಿಗೆ ಗೊತ್ತಿರಬೇಕು. ಹೇಳಿ, ಈ ಮನೆಗೆ ಕಂಬ ಎಷ್ಟು?"

ಚೌಡಯ್ಯ ತಬ್ಬಿಬ್ಬಾದ. ಹುಟ್ಟಿದಾಗಿಂದ ಆ ಕಂಬಗಳಿಗೆ ಒರಗಿದಾನೆ, ಒಂದು ದಿನವೂ ಎಣಿಸಿಲ್ಲ. "ಹನ್ನೆರಡು... ಅಲ್ಲ, ಮೂಲೆಯದು ಸೇರಿ ಹದಿನಾಲ್ಕು ಇರಬೇಕು ಬುದ್ಧಿ."

"ಹದಿನಾರು, ಮಹಾಸ್ವಾಮಿ," ಅಂದ ಗುಣಸಾಗರ. ದೊರೆಯ ಆಳು ಎಣಿಸಿದ. ಹದಿನಾರು.

"ಗೋಡೆಯಲ್ಲಿ ಗೂಡು ಎಷ್ಟು?"

ಚೌಡಯ್ಯ ಬಾಯಿ ತೆರೆಯೋ ಮೊದಲೇ, "ಇಪ್ಪತ್ತೊಂದು, ಮಹಾಸ್ವಾಮಿ," ಅಂದ ಗುಣಸಾಗರ. ಎಣಿಸಿದರು. ಇಪ್ಪತ್ತೊಂದು.

"ಬಾಗಿಲವಾಡದ ಮೇಲೆ ಗಿಳಿ ಎಷ್ಟು?"

"ಏಳು, ಮಹಾಸ್ವಾಮಿ. ಮೂರನೇ ಗಿಳಿಗೆ ಕೊಕ್ಕಿಲ್ಲ." ನೋಡಿದರು. ಕೊಕ್ಕಿರಲಿಲ್ಲ.

ಜನ ಗುಸುಗುಸು ಅಂದರು. ಗುಣಸಾಗರನಿಗೆ ಉಮೇದು ಬಂತು. ಕೇಳದೆ ಇದ್ದದ್ದನ್ನೂ ಹೇಳೋಕೆ ಹೊರಟ. "ಮಹಾಸ್ವಾಮಿ, ಪಡಸಾಲೆಯ ಕಲ್ಲಿನಲ್ಲಿ ಮೂರು ಕಡೆ ಗುಳಿಗಳಿವೆ, ನೋಡಿ. ನಾನು ಮಗುವಾಗಿದ್ದಾಗ ಗೋಲಿ ಆಡಲಿ ಅಂತ ನನ್ನ ತಾತ ಕಲ್ಲುಕುಟಿಗನ್ನ ಕರೆಸಿ ಕೊರೆಸಿದ್ದು. ಆ ಗುಳಿ ನೋಡಿದಾಗೆಲ್ಲ ನನಗೆ ತಾತನ ನೆನಪು..." ಅಂತ ರೇಷ್ಮೆ ಶಲ್ಯದ ಅಂಚಿನಿಂದ ಕಣ್ಣೊರೆಸಿಕೊಂಡ. ಒಂದಿಬ್ಬರು ಹೆಂಗಸರು ಅಯ್ಯೋ ಪಾಪ ಅಂದರಂತೆ.

ಅಷ್ಟು ಹೊತ್ತು ಅಳ್ತಾ ನಿಂತಿದ್ದ ಬನದಮ್ಮ ತಲೆ ಎತ್ತಿದಳು. ಗೋಲಿ ಆಡೋ ಗುಳಿ! ಅವಳ ನಾಲಿಗೆ ತುದಿಗೆ ಒಂದು ಮಾತು ಬಂತು, ಹಾಗೇ ನಿಂತಿತು. ಯಾಕೆ ಅಂದ್ರೆ ಆ ಮಾತನ್ನ ಅವಳು ಇಲ್ಲಿಯವರೆಗೆ ಒಬ್ಬರಿಗೂ ಹೇಳಿಲ್ಲ. ನೆರೆಯವರಿಗೂ ಹೇಳಿಲ್ಲ, ಬಂದು ಇದ್ದು ಹೋದೋರಿಗೂ ಹೇಳಿಲ್ಲ. ಅತ್ತೆ ಕೂಡ ಹೇಳಬೇಡ ಅಂದಿದ್ದಳು. ಊರಿಗೆಲ್ಲ ದೊಡ್ಡ ಮನೆ, ಚೆಂದದ ಮನೆ ಅನ್ನಿಸಿಕೊಂಡ ಮನೆ. ಇಷ್ಟು ಜನದ ಮುಂದೆ, ದೊರೆಯ ಮುಂದೆ, ಅದನ್ನ ಹೇಗೆ ಹೇಳೋದು?

ಗಂಡನ ಮುಖ ನೋಡಿದಳು. ಅವನ ಕೈ ಲಾಳಿ ಇಲ್ಲದೆ ಸುಮ್ಮನೆ ಗಾಳಿಯಲ್ಲಿ ಆಡ್ತಿತ್ತು. ಮಾನ ಹೋದರೆ ಹೋಗಲಿ ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಬುದ್ಧೀ, ನಾನೊಂದು ಕೇಳಲಾ ಇವರನ್ನ?"

"ಕೇಳಮ್ಮ."

"ಸಾಹುಕಾರರೇ, ಮಳೆ ಬಂದ್ರೆ ಈ ಮನೆ ಎಲ್ಲೆಲ್ಲಿ ಸೋರುತ್ತೆ?"

ಗುಣಸಾಗರ ನಕ್ಕ. "ಸೋರೋದಾ? ನನ್ನ ತಾತ ಕಟ್ಟಿಸಿದ ಮನೆ! ಹದಿನೆಂಟು ಮಳೆಗಾಲ ಈ ಮಾಡಿನ ಕೆಳಗೆ ಕಳೆದಿದೀನಿ, ಒಂದು ಹನಿ ಒಳಗೆ ಬಿದ್ದಿಲ್ಲ. ಮಹಾಸ್ವಾಮಿ, ನೋಡಿ, ನನ್ನ ಮನೆಯ ಮೇಲೆ ಎಂಥ ಅಪವಾದ!"

ಬನದಮ್ಮ ಮುಖ ಕೆಂಪು ಮಾಡಿಕೊಂಡೇ ಹೇಳಿದಳಂತೆ: "ಬುದ್ಧೀ, ಈ ಮನೆ ಸೋರುತ್ತೆ. ನಾಲ್ಕು ಕಡೆ ಸೋರುತ್ತೆ. ನಮ್ಮ ಯಜಮಾನರ ತಾತ ಕಟ್ಟಿಸುವಾಗ ಮಾಡಿನ ಮರ ಒಂದು ಮೊಳ ಗಿಡ್ಡ ಆಯ್ತಂತೆ. ಜೋಡಿಸಿ ಕೂರಿಸಿದ್ರಂತೆ. ಅವತ್ತಿಂದ ಹೆಂಚು ಕೈಯಾಡಿಸಿದ ವರ್ಷವೂ ಸೋರುತ್ತೆ, ಆಡಿಸದ ವರ್ಷವೂ ಸೋರುತ್ತೆ. ನಮ್ಮತ್ತೆಯ ಅತ್ತೆ ಪಾತ್ರೆ ಇಟ್ಟರು, ನಮ್ಮತ್ತೆ ಪಾತ್ರೆ ಇಟ್ಟರು, ನಾನೂ ಇಡ್ತಿದೀನಿ. ಮನೆಗೆ ಬಂದೋರ ಮುಂದೆ ಮನೆ ಚೆಂದ ಹೇಳ್ಕೊಂಡೆ, ಇದನ್ನ ಹೇಳ್ಕೊಳ್ಳಲಿಲ್ಲ. ನಾಚಿಕೆ ನೋಡಿ ಬುದ್ಧಿ."

ಜನ ಬಾಯಿ ಬಿಟ್ಟು ಮೇಲೆ ನೋಡಿದರು. ಹೊರಗೆ ಸುಡೋ ಬಿಸಿಲು, ಆಕಾಶದಲ್ಲಿ ಅಂಗೈಯಗಲ ಮೋಡವೂ ಇಲ್ಲ.

ದೊರೆಗೆ ಖುಷಿಯಾಯ್ತು. "ಮಳೆ ಇಲ್ಲದಿದ್ರೆ ಏನು? ಏಣಿ ತನ್ನಿ, ಕೊಡ ತನ್ನಿ! ಮಾಡಿನ ಮೇಲೆ ನೀರು ಸುರೀರಿ. ಅಮ್ಮ, ಸುರಿಯೋದಕ್ಕೆ ಮೊದಲು ನೀನು ಪಾತ್ರೆ ಇಡು, ನೋಡೋಣ."

ಕೊಡ ಅಂದಾಗ ಯಾರೂ ಅಲ್ಲಾಡಲಿಲ್ಲ. ಬನದಮ್ಮ ಒಂದು ಸಲ ನೆರೆಯವರ ಕಡೆ ನೋಡಿದಳು. ಏನೂ ಕೇಳಲಿಲ್ಲ, ಸುಮ್ಮನೆ ನೋಡಿದಳು. ಆಗ ಸಾಕಮ್ಮ ಮೂಗು ಸೊರಗುಟ್ಟಿ, "ನನ್ನ ಮನೇಲಿ ಎರಡು ಕೊಡ ಇದಾವೆ," ಅಂತ ಎದ್ದಳಂತೆ. ಲಕ್ಕಯ್ಯ ಗೊಣಗ್ತಾ, "ಬಾವಿ ನನ್ನದೇ ಹತ್ತಿರ, ಸೇದಿಕೊಳ್ಳಿ. ಅಡೀಲಿ ಕಲ್ಲಿದೆ, ಹುಷಾರು," ಅಂದನಂತೆ. ಅಷ್ಟಾಗಿದ್ದೇ ತಡ, ಊರೆಲ್ಲ ಸಾಲು ನಿಂತು ಕೊಡ ದಾಟಿಸಿತು.

ಒಳಗೆ ಬನದಮ್ಮ ಅಡುಗೆಮನೆಯಿಂದ ಒಂದು ತಂಬಿಗೆ ತಂದಳು, ಪೂರ್ವದ ಪಡಸಾಲೆಯ ಗುಳಿಯಲ್ಲಿ ಇಟ್ಟಳು. ಒಂದು ಚೊಂಬು ತಂದಳು, ಮೂಲೆಯ ಗುಳಿಯಲ್ಲಿ ಇಟ್ಟಳು. ಒಂದು ಬೋಗುಣಿ ತಂದಳು, ಬಾಗಿಲ ಬಳಿಯ ಗುಳಿಯಲ್ಲಿ ಇಟ್ಟಳು. ಕಣ್ಣು ಮುಚ್ಚಿ ಇಟ್ಟಳೇನೋ ಅನ್ನೋ ಹಾಗೆ, ಒಂದೂ ಅತ್ತಿತ್ತ ಆಗಲಿಲ್ಲ. ನಾಲ್ಕನೇ ಪಾತ್ರೆ ಕೈಲಿ ಹಿಡಕೊಂಡು ನಿಂತುಬಿಟ್ಟಳು.

"ಯಾಕಮ್ಮ ನಿಂತೆ? ಇಡು," ಅಂದ ದೊರೆ.

"ಹೆಂಗಿಡಲಿ ಬುದ್ಧಿ? ನಾಲ್ಕನೇ ಜಾಗದಲ್ಲಿ ಸಾಹುಕಾರರು ಕೂತಿದಾರೆ."

"ಸುಳ್ಳು!" ಅಂದ ಗುಣಸಾಗರ. "ಗುಳಿ ಇರೋದೇ ಮೂರು. ನಾನು ಎಣಿಸಿ..." ಅಂದೋನು ನಾಲಿಗೆ ಕಚ್ಚಿಕೊಂಡ.

ದೊರೆ ಮೀಸೆಯ ಅಡಿಯಲ್ಲಿ ನಕ್ಕ. "ಸಾಹುಕಾರರೇ, ನಿಮ್ಮ ಮನೆ ಸೋರೋದಿಲ್ಲವಲ್ಲ. ಹಾಗೇ ಕೂತಿರಿ. ಏಳಬೇಡಿ. ಸುರೀರಪ್ಪಾ!"

ಮೇಲೆ ನೀರು ಬಿತ್ತು. ಒಂದು ಕೊಡ, ಹತ್ತು ಕೊಡ, ನೂರು ಕೊಡ. ಒಳಗೆ ಎಲ್ಲರೂ ಪಾತ್ರೆಗಳನ್ನೇ ನೋಡ್ತಾ ಕೂತರು. ಮೊದಲು ಏನೂ ಇಲ್ಲ. ಗುಣಸಾಗರನ ಮುಖ ಅರಳಿತು. ಆಮೇಲೆ ತಂಬಿಗೆಯಲ್ಲಿ ಟಣ್ ಅಂತು. ಚೊಂಬಿನಲ್ಲಿ ಟಿಣ್ ಅಂತು. ಬೋಗುಣಿಯಲ್ಲಿ ಡಬ್ ಅಂತು. ಗುಣಸಾಗರ ಮೆಲ್ಲಗೆ ತಲೆ ಎತ್ತಿ ಮೇಲೆ ನೋಡಿದ.

ಪಟ್!

ಸರಿಯಾಗಿ ಮೂಗಿನ ತುದಿ ಮೇಲೆ. ಒರೆಸಿಕೊಂಡ. ಪಟ್! ಇನ್ನೊಂದು. ಪಟ್ ಪಟ್ ಪಟ್! ಜರಿಪೇಟ ನೆನೆದು ಕಿವಿ ಮೇಲೆ ಜಾರಿತು. ಪೇಟದ ಬಣ್ಣ ಬಿಟ್ಟು ಕೆನ್ನೆ ಮೇಲೆ ಕೆಂಪಗೆ ಇಳೀತು. ನೂರಾರು ಜನ ನಕ್ಕ ನಗೆಗೆ ಮಾಡಿನ ಮೇಲಿದ್ದವರು ಏನಾಯ್ತು ಅಂತ ಹೆಂಚು ಸರಿಸಿ ಇಣುಕಿ ನೋಡಿದರಂತೆ.

ದೊರೆ ಎದ್ದು ಬಂದು ಮಂಚ ಎಳೆಸಿದ. ಕೆಳಗೆ ನಾಲ್ಕನೇ ಗುಳಿ ಇತ್ತು, ನುಣ್ಣಗೆ, ದೀಪದ ಹಣತೆಯ ಹಾಗೆ. ದೊರೆ ಅದರೊಳಗೆ ಬೆರಳಿಟ್ಟು ನೋಡಿದ. ಉಳಿಯ ಗುರುತಿಲ್ಲ, ಸುತ್ತಿಗೆಯ ಗುರುತಿಲ್ಲ.

"ಮುದ್ದಜ್ಜಿ, ಹನಿ ಬಿದ್ದು ಕಲ್ಲು ಇಷ್ಟು ಸವೆಯೋಕೆ ಎಷ್ಟು ಮಳೆಗಾಲ ಬೇಕು?"

"ಮೂರು ತಲೆಮಾರಾದರೂ ಬೇಕು ಬುದ್ಧಿ," ಅಂದಳು ಮುದ್ದಜ್ಜಿ.

ದೊರೆ ಗುಣಸಾಗರನ ಕಡೆ ತಿರುಗಿದ. "ಹದಿನೆಂಟು ಮಳೆಗಾಲ ಇಲ್ಲೇ ಬೆಳೆದೆ ಅಂದೆ. ಹನಿ ಬಿದ್ದು ಬಿದ್ದು ಕಲ್ಲೇ ಕರಗಿದೆ, ನಿನ್ನ ತಲೆ ಮೇಲೆ ಒಂದೂ ಬೀಳಲಿಲ್ಲವಾ? ನೀನು ಇಲ್ಲಿ ಒಂದು ಮಳೆಯನ್ನೂ ಕಂಡೋನಲ್ಲ. ಬಿಸಿಲಲ್ಲಿ ಬಂದು, ಬಿಸಿಲಲ್ಲಿ ಎಣಿಸಿಕೊಂಡು, ಮನೆ ನಂದು ಅಂದೋನು ನೀನು."

ಗುಣಸಾಗರ ಜಿಗಿದು ಬಾಗಿಲ ಕಡೆ ಓಡಿದ. ಒದ್ದೆ ಕಲ್ಲು, ಜಾರಿತು. ದಡಾರ್ ಅಂತ ಬಿದ್ದ.

"ಈಗ ಬಾಪ್ಪ ನನ್ನ ಹತ್ರ," ಅಂದಳಂತೆ ಮುದ್ದಜ್ಜಿ. ಅವಳು ಮುಟ್ಟಿ ನೋಡಿದಳು. ಮೂಳೆ ಗಟ್ಟಿ, ಬರೀ ಸೊಂಟ ಉಳುಕಿತ್ತು.

ಮನೆ ಚೌಡಯ್ಯನದು ಅಂತ ದೊರೆ ತೀರ್ಪು ಹೇಳಿದ. ಬನದಮ್ಮ ಮಾತ್ರ ಸೆರಗಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಗೆದ್ದದ್ದೇನೋ ಹೌದು, ಮನೆ ಹುಳುಕು ಊರಿಗೆಲ್ಲ ಗೊತ್ತಾಯ್ತಲ್ಲ!

ಸಾಕಮ್ಮ ಹತ್ತಿರ ಬಂದು ಸೆರಗು ಎಳೆದಳು. "ಅಯ್ಯೋ ಬನದಕ್ಕ, ನಾಲ್ಕಕ್ಕೇ ಇಷ್ಟು ನಾಚಿಕೆನಾ? ನಮ್ಮನೆ ಐದು ಕಡೆ ಸೋರುತ್ತೆ. ನಾನೂ ಯಾರಿಗೂ ಹೇಳಿಲ್ಲ."

"ನಮ್ಮದು ಏಳು ಕಡೆ," ಅಂದ ಲಕ್ಕಯ್ಯ. "ಮಳೆಗಾಲದಲ್ಲಿ ನಾನು ಗಾಣದ ಕೆಳಗೆ ಮಲಗ್ತೀನಿ."

"ನಮ್ಮದು ಎಣಿಸೋದೇ ಬಿಟ್ಟಿದೀನಿ," ಅಂದ ಹಿಂದಿಂದ ಒಬ್ಬ. ಹಿಂಗೆ ಒಬ್ಬೊಬ್ಬರೇ ಹೇಳ್ತಾ ಹೋದರು. ಊರಲ್ಲಿ ಸೋರದ ಮನೆ ಒಂದೂ ಇರಲಿಲ್ಲವಂತೆ! ದೊರೆ ಕೂಡ ಕೆಮ್ಮಿ, "ಅರಮನೆಯಲ್ಲೂ ಒಂದು ಕಡೆ..." ಅಂತ ಮೆಲ್ಲಗೆ ಅಂದು ಸುಮ್ಮನಾದ.

ಬನದಮ್ಮ ಸಾಕಮ್ಮನ ಕೈ ಹಿಡಕೊಂಡಳು. "ನಿಮಗೆಲ್ಲ ಬಲು ತೊಂದರೆ ಕೊಟ್ಟೆ ಕಣೇ. ಸೈರಿಸ್ಕೊಳ್ಳಿ ಅಂದೆನೇ ಹೊರತು, ನಿಮ್ಮ ಕಷ್ಟ ಏನು ಅಂತ ಒಂದು ದಿನ ಕೇಳಲಿಲ್ಲ."

"ನಾನೂ ದೊರೆ ಮುಂದೆ ನೆಟ್ಟಗೆ ಮಾತಾಡಲಿಲ್ಲ," ಅಂದಳು ಸಾಕಮ್ಮ. ಇಬ್ಬರೂ ಸ್ವಲ್ಪ ಅತ್ತರು, ಜಾಸ್ತಿ ನಕ್ಕರು.

ದೊರೆ ಆಗ ಶಿಕ್ಷೆ ಹೇಳಿದ. ಗುಣಸಾಗರನೂ ಅವನ ಇಬ್ಬರು ದಾಂಡಿಗರೂ ಊರಿನ ಅಷ್ಟೂ ಮನೆಯ ಹೆಂಚು ಇಳಿಸಿ, ಮರ ಸರಿಮಾಡಿ, ಮತ್ತೆ ಹೊದಿಸಬೇಕು. ಒಂದು ಹನಿ ಸೋರಿದರೂ ಮೊದಲಿಂದ ಮಾಡಬೇಕು. ಮೊದಲು ಲಕ್ಕಯ್ಯನ ಬಾವಿಯಿಂದ ಕಲ್ಲು ಎತ್ತಬೇಕು. ಹೊಗಳಿ ಹೊಗಳಿ ಮನೆ ಹೊಡಕೊಳ್ಳೋಕೆ ಬಂದೋನು ಜರಿಪೇಟ ಬಿಚ್ಚಿ ತಲೆಗೆ ಹಳೇ ಟವಲು ಸುತ್ತಿ, ಬಿಸಿಲಲ್ಲಿ ಏಣಿ ಹತ್ತಿ ಇಳಿದು, ಹತ್ತಿ ಇಳಿದು, ಮಳೆ ಬೀಳೋ ಹೊತ್ತಿಗೆ ನಾಡಿನಲ್ಲೇ ಒಳ್ಳೆ ಹೆಂಚು ಹೊದಿಸೋನು ಅನ್ನಿಸಿಕೊಂಡನಂತೆ. ಬದುಕೋಕೆ ಅವನಿಗೂ ಒಂದು ನೆಟ್ಟಗಿನ ಕೆಲಸ ಸಿಕ್ಕಿತು ಅನ್ನಿ.

ದೊರೆ ಮುದ್ದಜ್ಜಿಯ ಮನೆ ಎದುರಿಗೆ ಒಂದು ಛತ್ರ ಕಟ್ಟಿಸಿದ. ಅಲ್ಲಿಂದ ಮುಂದೆ ಮೂಳೆ ಮುರಕೊಂಡು ಬಂದೋರು ಅಲ್ಲೇ ಇರೋರು. ಬನದಮ್ಮನ ಬಾಯಿ ಸುಮ್ಮನಿರುತ್ತಾ? ಸಾಕಮ್ಮನ್ನೂ ಕರಕೊಂಡು ದಿನಾ ಅಲ್ಲಿಗೆ ಹೋಗಿ, ಬಂದೋರ ಹತ್ರ ಹೊಟ್ಟೆ ತುಂಬ ಮಾತಾಡಿ, ಹೊತ್ತು ಇಳಿಯೋಕೆ ಮುಂಚೆ ತನ್ನ ಮನೆಗೆ ಬಂದು ತನ್ನ ಬಾಗಿಲು ಹಾಕಿಕೊಳ್ಳೋಳು. ಯಾರಾದರೂ, "ಅಮ್ಮ, ನಿಮ್ಮ ಪಡಸಾಲೇಲಿ ಒಂಬತ್ತು ದಿನ ಇರಲಾ?" ಅಂತ ಕೇಳಿದ್ರೆ, "ಊಟಕ್ಕೆ ಬಾಪ್ಪ, ಹೊಟ್ಟೆ ತುಂಬ ಉಣ್ಣು. ಮಲಗೋಕೆ ಛತ್ರ ಇದೆ," ಅನ್ನೋಳು.

ಆ ವರ್ಷ ಮೊದಲ ಮಳೆ ಬಂದ ದಿನ ಚೌಡಯ್ಯ ಮಗ್ಗ ನಿಲ್ಲಿಸಿ ಪಡಸಾಲೆಗೆ ಬಂದನಂತೆ. ಹೊರಗೆ ಧೋ ಅಂತ ಸುರೀತಿತ್ತು, ಒಳಗೆ ಒಂದು ಹನಿ ಇಲ್ಲ. ಗಂಡ ಹೆಂಡತಿ ಅಕ್ಕಪಕ್ಕ ಕೂತು ಹುರಿಗಡಲೆ ತಿಂದರು. ಚೌಡಯ್ಯ ಒಂದಲ್ಲ ಎರಡಲ್ಲ, ಆ ಸಂಜೆ ಒಟ್ಟು ಒಂಬತ್ತು ಮಾತು ಆಡಿದನಂತೆ. ಬನದಮ್ಮ ಎಣಿಸಿದಳಂತೆ.

ಅವರು ಕಡಲೆ ತಿಂತಾ ಅಲ್ಲೇ ಇರಲಿ, ಮಳೆ ಅವರ ಮಾಡಿನ ಮೇಲೆ ಬೀಳಲಿ. ಕೇಳಿದೋರ ಮನೆ ಬೆಚ್ಚಗಿರಲಿ, ಹೇಳಿದ ನನಗೆ ಒಂದು ಲೋಟ ನೀರು ಕೊಡಿ.